ಆ ಮೂರು ದಿನ ಹುಡುಗನ ಜೊತೆ ಯಾರಿದ್ದರು?

ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ
ಶುಭಸಂದೇಶ ವಾಚನ: ಲೂಕ 2:41–52



ಪವಿತ್ರ ಕುಟುಂಬ ಎಂದ ಕೂಡಲೇ ನಮ್ಮ ಕಣ್ಣು ಈ ಗೋದಲಿಯ ಕಡೆ ಹೋಗುತ್ತದೆ. ನಡುವೆ ಮಗು, ಅತ್ತ ಮರಿಯಮ್ಮನವರು, ಇತ್ತ ಜೋಸೆಫರು. ಮೂವರೂ ಅವರವರ ಜಾಗದಲ್ಲಿದ್ದಾರೆ. ಆದರೆ ಈಗ ತಾನೇ ನೀವು ಕೇಳಿದ ಶುಭಸಂದೇಶದಲ್ಲಿ ಹನ್ನೆರಡು ವರ್ಷದ ಹುಡುಗ ಕಾಣೆಯಾಗಿದ್ದಾನೆ, ಅಪ್ಪ ಅಮ್ಮ ಊರೆಲ್ಲ ಅಲೆದು ಹುಡುಕುತ್ತಿದ್ದಾರೆ. ಕುಟುಂಬದ ಹಬ್ಬದ ದಿನವೇ ಧರ್ಮಸಭೆ ನಮಗೆ ಕುಟುಂಬವೊಂದು ಚದುರಿಹೋದ ಕತೆಯನ್ನು ಓದಿಸಿದೆ.

ಈ ಘಟನೆಯನ್ನು ನಮ್ಮ ಹಿರಿಯರು ಎರಡು ಕಡೆ ಬರೆದಿಟ್ಟಿದ್ದಾರೆ. ಜಪಸರದ ಸಂತೋಷದ ರಹಸ್ಯಗಳಲ್ಲಿ ಇದು ಐದನೆಯದು. ವ್ಯಾಕುಲಮಾತೆಯ ಏಳು ವ್ಯಾಕುಲಗಳಲ್ಲಿ ಇದೇ ಮೂರನೆಯದು. ಮಗ ಸಿಕ್ಕ ಸಂತೋಷವನ್ನು ನಾವು ಪ್ರತಿ ಸಲ ಧ್ಯಾನಿಸುತ್ತೇವೆ. ಸಿಗುವುದಕ್ಕೆ ಮುಂಚಿನ ಮೂರು ದಿನಗಳನ್ನು ಬೇಗನೆ ದಾಟಿಬಿಡುತ್ತೇವೆ. ಇವತ್ತು ಆ ಮೂರು ದಿನಗಳ ಹತ್ತಿರ ಸ್ವಲ್ಪ ನಿಲ್ಲೋಣ. ಈ ಹೊತ್ತಿಗೂ ನಮ್ಮ ನಾಡಿನ ಎಷ್ಟೋ ಮಕ್ಕಳು ಆ ಮೂರು ದಿನಗಳ ಒಳಗೇ ಇದ್ದಾರೆ. ಮನೆ ಬಿಟ್ಟಾಗಿದೆ, ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ.

ಪ್ರಭು ಯೇಸು ಮನೆ ಬಿಟ್ಟು ಓಡಿಹೋದವರಲ್ಲ. ತಮ್ಮ ತಂದೆಯ ಆಲಯದಲ್ಲಿ ಉಳಿದರು. ಆದರೆ ಅದು ಹೆತ್ತವರಿಗೆ ಗೊತ್ತಿರಲಿಲ್ಲ. ಅವರ ಪಾಲಿಗೆ ಅದು ಕಾಣೆಯಾದ ಮಗನ ಸಂಕಟವೇ. ಹಬ್ಬ ಮುಗಿಸಿ ಗಲಿಲೇಯದವರೆಲ್ಲ ಗುಂಪಾಗಿ ಊರಿಗೆ ಹೊರಟಿದ್ದರು. ಜೆರುಸಲೇಮಿನಿಂದ ನಜರೇತಿಗೆ ನೂರು ಕಿಲೋಮೀಟರಿಗೂ ಹೆಚ್ಚಿನ ಕಾಲ್ನಡಿಗೆ. ಬಂಧುಗಳು, ನೆರೆಯವರು, ಎಲ್ಲ ಗುರುತಿನವರೇ. ಹುಡುಗ ಗುಂಪಿನಲ್ಲೇ ಎಲ್ಲೋ ಇದ್ದಾನೆ ಎಂದುಕೊಂಡು ಒಂದು ಹಗಲು ಪೂರ್ತಿ ನಡೆದುಬಿಟ್ಟರು. ಮರಿಯಮ್ಮನವರಂಥ ತಾಯಿಗೂ ಜೋಸೆಫರಂಥ ತಂದೆಗೂ ಒಂದು ದಿನ ತಿಳಿಯಲಿಲ್ಲ. ಮಗ ಮನೆ ಬಿಟ್ಟು ಹೋದ ತಾಯಿಯೊಬ್ಬಳು ಈ ಬಾಗಿಲಿಗೆ ಬಂದರೆ, "ನೀವು ಸರಿಯಾಗಿ ನೋಡ್ಕೊಂಡಿದ್ರೆ ಹಿಂಗಾಗ್ತಿತ್ತಾ?" ಎಂದು ಕೇಳುವ ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ.

ತಿಳಿದ ಮೇಲೆ ಅವರು ಮಾಡಿದ್ದನ್ನು ನೋಡಿ. ಬಂಧುಗಳ ನಡುವೆ ವಿಚಾರಿಸಿದರು. ಜನ ಏನೆಂದಾರು ಎಂದು ಬಾಯಿ ಮುಚ್ಚಿಕೊಳ್ಳಲಿಲ್ಲ. ಸಿಗಲಿಲ್ಲವೆಂದಾಗ ಬಂದ ದಾರಿಯನ್ನೇ ಹಿಡಿದು ಹಿಂದಕ್ಕೆ ಹೋದರು. ನಮ್ಮಲ್ಲಿ ಹಾಗಾಗುವುದಿಲ್ಲ. ಮಗಳು ಎರಡು ದಿನದಿಂದ ಕಾಣುತ್ತಿಲ್ಲ, ಕೇಳಿದವರಿಗೆ "ಅಜ್ಜಿ ಊರಿಗೆ ಹೋಗಿದ್ದಾಳೆ" ಎನ್ನುತ್ತೇವೆ. ನಾಳೆ ಮದುವೆ ಸಂಬಂಧ ತಪ್ಪೀತು ಎಂಬ ಭಯ. ಮಾನ ಉಳಿಸಿಕೊಳ್ಳಲು ಹೋಗಿ ಹುಡುಕಲು ಇರುವ ಒಳ್ಳೆಯ ಹೊತ್ತನ್ನೆಲ್ಲ ಕಳೆದುಕೊಳ್ಳುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಮಗು ಕಾಣೆಯಾಗಿದೆ ಎಂದು ದೂರು ಬಂದರೆ ಪೊಲೀಸರು ಎಫ್‌ಐಆರ್ ದಾಖಲಿಸಲೇಬೇಕೆಂದು 2013ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. "ಎರಡು ದಿನ ಕಾಯಿರಿ, ತಾನೇ ಬರ್ತಾನೆ" ಎಂದು ಯಾರಾದರೂ ನಿಮ್ಮನ್ನು ಠಾಣೆಯಿಂದ ವಾಪಸ್ ಕಳಿಸಿದರೆ ಸುಮ್ಮನೆ ಬರಬೇಡಿ. ಗಟ್ಟಿಯಾಗಿ ಕೇಳಿ. ಜೊತೆಗೆ ಯಾರಾದರೂ ಬೇಕೆಂದರೆ ನಾನು ಬರುತ್ತೇನೆ.

ಅತ್ತ ಮಹಾದೇವಾಲಯದಲ್ಲಿ ಏನಾಗುತ್ತಿತ್ತು? ಹುಡುಗ ಏನು ತಿಂದ, ರಾತ್ರಿ ಎಲ್ಲಿ ಮಲಗಿದ, ಲೂಕ ಬರೆದಿಲ್ಲ. ಬರೆದಿರುವುದು ಇಷ್ಟು: ಬೋಧಕರ ನಡುವೆ ಕೂತಿದ್ದ, ಅವರ ಮಾತು ಕೇಳುತ್ತಿದ್ದ, ಪ್ರಶ್ನೆ ಹಾಕುತ್ತಿದ್ದ, ಅವನ ಉತ್ತರಗಳಿಗೆ ಎಲ್ಲರೂ ಬೆರಗಾಗುತ್ತಿದ್ದರು. ಉತ್ತರ ಬಂದಿದೆ ಎಂದರೆ ಅವರೂ ಅವನನ್ನು ಏನಾದರೂ ಕೇಳಿರಬೇಕು. ಗಲಿಲೇಯದ ಹಳ್ಳಿಯ ಹುಡುಗ, ಜೊತೆಗೆ ದೊಡ್ಡವರಿಲ್ಲ. "ಇಲ್ಲೇನೋ ನಿನಗೆ ಕೆಲಸ, ನಡಿ ಆಚೆ" ಎಂದು ಅವರು ಅಟ್ಟಲಿಲ್ಲ. ಕೂರಲು ಜಾಗ ಕೊಟ್ಟರು, ಅವನ ಮಾತಿಗೆ ಕಿವಿಗೊಟ್ಟರು. ಮನೆಯವರ ಕೈಗೆ ಸಿಗುವವರೆಗೂ ಮಗ ಸುರಕ್ಷಿತವಾಗಿದ್ದದ್ದು ಅಂಥವರ ನಡುವೆ. ಇವತ್ತಿನ ಶುಭಸಂದೇಶದಲ್ಲಿ ನಾವು ಯಾರೂ ಗಮನಿಸದ ಪಾತ್ರಗಳು ಅವರು. ಈ ಸಭೆಗೆ ಪ್ರಭು ಕೊಡುತ್ತಿರುವ ಪಾತ್ರವೂ ಅದೇ ಎಂದು ನನಗೆ ತೋರುತ್ತದೆ.

ಇದನ್ನು ಬದುಕಿ ತೋರಿಸಿದ ಒಬ್ಬ ಸಂತರು ನಮಗಿದ್ದಾರೆ. ಇನ್ನು ಕೆಲವೇ ವಾರಗಳಲ್ಲಿ, ಜನವರಿ 31ರಂದು, ಸಂತ ಡಾನ್ ಬೋಸ್ಕೋ ಅವರ ಹಬ್ಬ. ಅವರ ಕಾಲದ ಇಟಲಿಯ ಟುರಿನ್ ನಗರ ಇವತ್ತಿನ ನಮ್ಮ ಬೆಂಗಳೂರಿನ ಹಾಗೆಯೇ ಬೆಳೆಯುತ್ತಿತ್ತು. ಕಟ್ಟಡದ ಕೆಲಸಕ್ಕೆ ಹಳ್ಳಿಗಳಿಂದ ಹುಡುಗರು ಬಂದು ಬೀಳುತ್ತಿದ್ದರು. 1841ರ ಡಿಸೆಂಬರ್ 8ರಂದು ಬೋಸ್ಕೋ ಸ್ವಾಮಿ ಪೂಜೆಗೆ ಸಿದ್ಧರಾಗುತ್ತಿದ್ದಾಗ, ಪೂಜೆಗೆ ನೆರವಾಗಲು ಬರುವುದಿಲ್ಲ ಎಂದ ಹುಡುಗನೊಬ್ಬನನ್ನು ಚರ್ಚಿನ ಸೇವಕ ಹೊಡೆದು ಹೊರಗೆ ಅಟ್ಟಿದ. ಸ್ವಾಮಿ ಆ ಹುಡುಗನನ್ನು ವಾಪಸ್ ಕರೆಸಿದರು. ಬಾರ್ತಲೋಮೆಯೊ ಗರೆಲ್ಲಿ, ವಯಸ್ಸು ಹದಿನಾರು, ಗಾರೆ ಕೆಲಸದವನು, ಅಪ್ಪ ಅಮ್ಮ ಇಬ್ಬರೂ ಇಲ್ಲ. ಓದಲು ಬರುತ್ತದಾ ಎಂದರೆ ಇಲ್ಲ, ಬರೆಯಲು ಬರುತ್ತದಾ ಎಂದರೆ ಇಲ್ಲ. ಕೊನೆಗೆ, ಸಿಳ್ಳೆ ಹಾಕಲಾದರೂ ಬರುತ್ತದಾ ಎಂದು ಕೇಳಿದರಂತೆ. ಹುಡುಗ ನಕ್ಕ. ಬೋಸ್ಕೋ ಸ್ವಾಮಿಯ ಹಾದಿಯಲ್ಲಿ ಜಗತ್ತಿನಾದ್ಯಂತ ಹರಡಿದ ಸಲೇಸಿಯನ್ ಸೇವೆಯೆಲ್ಲ ತಮ್ಮ ಮೊದಲ ದಿನ ಎಂದು ನೆನೆಯುವುದು ಆ ಮಾತುಕತೆಯನ್ನು. ಪೆಟ್ಟು ತಿಂದ ಹುಡುಗನೊಬ್ಬ ಅದೇ ಚರ್ಚಿನೊಳಗೆ ನಗುವಂತಾಯಿತು. ಬೋಧನೆ ಆಮೇಲೆ ಬಂತು.

ಅವರ ಸೇವೆ ಎಲ್ಲವೂ ಸುಲಭವಾಗಿ ಕೈಗೂಡಲಿಲ್ಲ. ಮೊದಮೊದಲು ರಾತ್ರಿ ಮಲಗಲು ಜಾಗ ಕೊಟ್ಟ ಹುಡುಗರು ಬೆಳಗಾಗುವಷ್ಟರಲ್ಲಿ ಹೊದಿಕೆಗಳ ಸಮೇತ ಮಾಯವಾಗಿದ್ದರು. ಅಷ್ಟಾದ ಮೇಲೂ 1847ರ ಮೇ ತಿಂಗಳ ಒಂದು ಮಳೆಯ ಸಂಜೆ, ಕೆಲಸ ಹುಡುಕಿಕೊಂಡು ಬಂದು ಕೈಲಿದ್ದ ಕಾಸೆಲ್ಲ ತೀರಿಹೋದ ಅನಾಥ ಹುಡುಗನೊಬ್ಬ ತೊಯ್ದು ನಿಂತಾಗ ಬಾಗಿಲು ತೆರೆಯಿತು. ಬೋಸ್ಕೋ ಅವರ ತಾಯಿ ಮಾರ್ಗರೀತಮ್ಮ ಅಡುಗೆಮನೆಯಲ್ಲೇ ಇಟ್ಟಿಗೆ ಜೋಡಿಸಿ, ಮೇಲೆ ಹಲಗೆ ಹಾಸಿ, ಹಾಸಿಗೆ ಮಾಡಿಕೊಟ್ಟರು. ಅಲ್ಲಿಂದ ಶುರುವಾಯಿತು ಹುಡುಗರ ಮನೆ. ಒಮ್ಮೆ ಮೋಸ ಹೋದೆವು ಎಂದು ಬಾಗಿಲು ಹಾಕಿಕೊಂಡಿದ್ದರೆ ಆ ಮನೆ ಏಳುತ್ತಲೇ ಇರಲಿಲ್ಲ. ನಮ್ಮಲ್ಲಿ ಎಷ್ಟೋ ಜನ "ಫಾದರ್, ಸಹಾಯ ಮಾಡಿದ್ವಿ, ಮೋಸ ಮಾಡಿ ಹೋದ" ಎಂದು ಹೇಳುವುದುಂಟು. ನಿಜ ಇರಬಹುದು. ಮಾರ್ಗರೀತಮ್ಮನಿಗೂ ಅದೇ ಆಗಿತ್ತು.

ಅದೇ ಸಲೇಸಿಯನ್ ಪರಂಪರೆಯಲ್ಲಿ ಗುರುದೀಕ್ಷೆಗೆ ಓದುತ್ತಿದ್ದ ಯುವಕರು 1980ರಲ್ಲಿ ಬೆಂಗಳೂರಿನ ಬೀದಿಗಳಲ್ಲಿದ್ದ ಮಕ್ಕಳ ಜೊತೆ ಹೋಗಿ ಕೂರಲು ಶುರುಮಾಡಿದರು. ಬೆಂಗಳೂರು ಓಣಿಯವರ ಸೇವಾ ಕೂಟ ಹುಟ್ಟಿದ್ದು ಹಾಗೆ. ಬಾಸ್ಕೋ ಎಂದು ನೀವೆಲ್ಲ ಕೇಳಿರುತ್ತೀರಿ. ರೈಲು ನಿಲ್ದಾಣ, ಬಸ್ ನಿಲ್ದಾಣಗಳಲ್ಲಿ ಇಂಥ ಕಾರ್ಯಕರ್ತರು ಮಾಡುವ ಕೆಲಸ ಏನೆಂದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಬೆಳಗಿನ ರೈಲಿಳಿದ ಹುಡುಗ ಹೊರಗೆ ಹೋಗುವ ದಾರಿ ಹುಡುಕದೆ ಪ್ಲಾಟ್‌ಫಾರಂ ಮೇಲೆಯೇ ಸುತ್ತುತ್ತಿರುತ್ತಾನೆ. ಹೆಗಲಿಗೆ ಸ್ಕೂಲ್ ಬ್ಯಾಗ್, ಅದರೊಳಗೆ ಪುಸ್ತಕದ ಬದಲು ಎರಡು ಅಂಗಿ. ಅವನನ್ನು ಮೊದಲು ಮಾತಾಡಿಸುವವರು ಯಾರು ಎಂಬುದರ ಮೇಲೆ ಅವನ ಮುಂದಿನ ಬದುಕು ನಿಂತಿದೆ. ಊಟ ಹಾಕಿ ಹೋಟೆಲ್ ಕೆಲಸಕ್ಕೆ ಕರೆದೊಯ್ಯುವ ದಲ್ಲಾಳಿ ಇರಬಹುದು. ಪಂಕ್ಚರ್ ಸಲ್ಯೂಷನ್ ಮೂಸುವುದನ್ನು ಕಲಿಸುವ ದೊಡ್ಡ ಹುಡುಗರ ಗುಂಪಿರಬಹುದು. ಹೆಣ್ಣುಮಗಳಾದರೆ ಇನ್ನೂ ಕೆಟ್ಟವರು ಕಾದಿರಬಹುದು. ಅವರೆಲ್ಲರಿಗಿಂತ ಮೊದಲು ಒಬ್ಬ ಒಳ್ಳೆಯ ಮನುಷ್ಯ ಆ ಮಗುವನ್ನು ತಲುಪಬೇಕು. ನಿಲ್ದಾಣದಲ್ಲಿ ದಿನವಿಡೀ ನಿಲ್ಲುವ ಆ ಕಾರ್ಯಕರ್ತರ ಓಟ ಇದೇ.

ತಲುಪಿದ ಮೇಲೂ ಆತುರ ಮಾಡುವಂತಿಲ್ಲ. ಹೆದರಿದ ಮಗು ಮೊದಲು ಸುಳ್ಳು ಹೆಸರು ಹೇಳುತ್ತದೆ, ಊರನ್ನೂ ಸುಳ್ಳೇ ಹೇಳುತ್ತದೆ. ಸ್ನಾನ, ಊಟ, ನಿದ್ದೆ, ಗಾಯಕ್ಕೆ ಔಷಧಿ, ಆಟ. ಇವೆಲ್ಲ ಆದ ಮೇಲೆ ನಿಜವಾದ ಹೆಸರು ಹೊರಗೆ ಬರುತ್ತದೆ. ತೆರೆದ ತಂಗುದಾಣಗಳು ಇರುವುದು ಅದಕ್ಕೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಇಂಥ ಮಗುವನ್ನು, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಆ ಸಮಿತಿ ಶಿಕ್ಷೆ ಕೊಡುವ ಜಾಗವಲ್ಲ. ಅಧ್ಯಕ್ಷರೊಬ್ಬರು, ನಾಲ್ವರು ಸದಸ್ಯರು. ಅವರಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕು. ಮಗುವಿನ ಮಾತನ್ನು ಅವರು ಕೇಳುತ್ತಾರೆ. ಸಮಾಜ ಕಾರ್ಯಕರ್ತರು ಮನೆಯ ಸ್ಥಿತಿಗತಿ ವಿಚಾರಿಸಿ ಹದಿನೈದು ದಿನದಲ್ಲಿ ವರದಿ ಕೊಡಬೇಕು. ನಾಲ್ಕು ತಿಂಗಳೊಳಗೆ ಸಮಿತಿ ತೀರ್ಮಾನಿಸಬೇಕು. ಸಾಧ್ಯವಿದ್ದಲ್ಲೆಲ್ಲ ಮಗುವನ್ನು ತನ್ನ ಮನೆಗೆ ಸೇರಿಸುವುದೇ ಇದೆಲ್ಲದರ ಗುರಿ.

ಸಾಧ್ಯವಿದ್ದಲ್ಲೆಲ್ಲ ಎಂದೆ. ಈ ಮಾತನ್ನು ಕುಟುಂಬದ ಹಬ್ಬದ ದಿನವೇ ಹೇಳಬೇಕು: ಎಲ್ಲ ಮನೆಯೂ ನಜರೇತಲ್ಲ. ಕುಡಿದು ಬಂದು ಬೆಲ್ಟಿನಲ್ಲಿ ಬಾರಿಸುವ ಅಪ್ಪನಿಂದ ತಪ್ಪಿಸಿಕೊಂಡ ಮಕ್ಕಳಿದ್ದಾರೆ. ಹದಿನಾರಕ್ಕೇ ಮದುವೆ ಗೊತ್ತು ಮಾಡಿದ್ದಕ್ಕೆ ಹೊರಟ ಹುಡುಗಿಯರಿದ್ದಾರೆ. ತಾನು ಗಂಡಲ್ಲ, ಹೆಣ್ಣಲ್ಲ ಎಂದು ಹೇಳಿಕೊಂಡದ್ದಕ್ಕೆ ಮನೆಯಿಂದ ತಳ್ಳಿಸಿಕೊಂಡವರಿದ್ದಾರೆ. ಮನೆಯೊಳಗೇ ಯಾರೋ ಮೈ ಮುಟ್ಟಿದ್ದನ್ನು ಯಾರಿಗೂ ಹೇಳಲಾಗದೆ ಬಸ್ ಹತ್ತಿದವರಿದ್ದಾರೆ. ಅಂಥ ಮಗುವಿನ ಕೈ ಹಿಡಿದು ಅದೇ ಬಾಗಿಲಿಗೆ ಬಿಟ್ಟು ಬಂದರೆ ಅದು ಪುಣ್ಯದ ಕೆಲಸ ಆಗುವುದಿಲ್ಲ. ಹೆರೋದನಿಂದ ತಪ್ಪಿಸಿಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟ ಕುಟುಂಬವೇ ನಮ್ಮ ಪವಿತ್ರ ಕುಟುಂಬ. ಹೆರೋದ ಇರುವವರೆಗೆ ವಾಪಸ್ ಬಾ ಎಂದು ದೇವದೂತ ಜೋಸೆಫರಿಗೆ ಹೇಳಲಿಲ್ಲ. ಮನೆ ಸುರಕ್ಷಿತವಲ್ಲದ ಮಗುವಿಗೆ ಅಜ್ಜಿಯೋ ಸೋದರಮಾವನೋ ಸಿಕ್ಕಾರು, ಸಾಕುವ ಇನ್ನೊಂದು ಕುಟುಂಬ ಸಿಕ್ಕೀತು, ಇಲ್ಲವಾದರೆ ಬಾಲಮಂದಿರ ಇದೆ. ಯಾವುದು ಸರಿ ಎಂದು ತಿಳಿಯುವುದು ಮಗುವನ್ನು ಕೇಳಿದ ಮೇಲೆಯೇ.

ಮರಿಯಮ್ಮನವರೂ ಮೊದಲು ಕೇಳಿದರು. ಮಗ ಸಿಕ್ಕ ಕ್ಷಣ ಅವರ ಬಾಯಿಂದ ಬಂದದ್ದು ಪ್ರಶ್ನೆ: ಯಾಕಪ್ಪ ಹೀಗೆ ಮಾಡಿದೆ ಎಂದು. ತಾವೂ ಜೋಸೆಫರೂ ಎಷ್ಟು ಸಂಕಟಪಟ್ಟರೆಂದೂ ಹೇಳಿಕೊಂಡರು. ಉತ್ತರ ಬಂತು. ಅದು ಅವರಿಗೆ ಅರ್ಥವಾಗಲಿಲ್ಲ ಎಂದು ಲೂಕ ಸ್ಪಷ್ಟವಾಗಿಯೇ ಬರೆದಿದ್ದಾನೆ. ಅರ್ಥವಾಗದ್ದಕ್ಕೆ ಅವರು ಕೈ ಎತ್ತಲಿಲ್ಲ, ಮಾತು ಬಿಡಲಿಲ್ಲ. ಮನಸ್ಸಿನಲ್ಲಿ ಇಟ್ಟುಕೊಂಡರು. ತಂದೆತಾಯಂದಿರೇ, ವಾಪಸ್ ಬಂದ ಮಗುವಿಗೆ ಮೊದಲ ದಿನ ಬೇಕಾದದ್ದು ಇದೇ. "ನಮ್ಮ ಮರ್ಯಾದೆ ಕಳೆದೆ" ಎಂಬ ಮಾತಿನಿಂದ ಸ್ವಾಗತ ಸಿಕ್ಕರೆ ಆ ಮಗು ಎರಡನೇ ಸಲ ಹೊರಡುತ್ತದೆ. ಎರಡನೇ ಸಲ ಹೋದ ಮಗುವನ್ನು ಹುಡುಕುವುದು ಇನ್ನೂ ಕಷ್ಟ.

ಹೊರಡುವ ಮುಂಚಿನ ಮಾತೂ ಅಷ್ಟೇ ಮುಖ್ಯ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಮುಂಚಿನ ವಾರ "ಫೇಲಾದ್ರೆ ಮನೆ ಕಡೆ ಮುಖ ಹಾಕ್ಬೇಡ" ಎಂದು ನೀವು ಸಿಟ್ಟಿನಲ್ಲಿ ಅಂದುಬಿಡುತ್ತೀರಿ. ಸಂಜೆಗೆ ನಿಮಗೆ ಅದು ಮರೆತೇ ಹೋಗಿರುತ್ತದೆ. ಹದಿನೈದು ವರ್ಷದ ಮಗ ಮರೆತಿರುವುದಿಲ್ಲ. ನೀವು ಹೇಳಿದ್ದನ್ನು ಅವನು ಪಾಲಿಸುತ್ತಾನೆ.

ಇಲ್ಲಿ ಕೂತಿರುವ ಮಕ್ಕಳಿಗೂ ಒಂದು ಮಾತು. ಮನೆ ಬಿಟ್ಟು ಹೋಗಬೇಕು ಎಂದು ನಿಮ್ಮಲ್ಲಿ ಯಾರಿಗಾದರೂ ಅನ್ನಿಸಿರಬಹುದು. ಹಾಗೆ ಅನ್ನಿಸಿದ್ದಕ್ಕೆ ನೀವು ಕೆಟ್ಟವರಲ್ಲ. ಆದರೆ ಬಸ್ ಹತ್ತುವ ಮುಂಚೆ ಒಂದು ಕೆಲಸ ಮಾಡಿ. 1098, ಈ ಸಂಖ್ಯೆಗೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಬೇಕಿಲ್ಲ. 1996ರಲ್ಲಿ ಮುಂಬೈಯಲ್ಲಿ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಜೆರೂ ಬಿಲ್ಲಿಮೋರಿಯಾ ಎಂಬುವರು ಇದನ್ನು ಶುರುಮಾಡಿದ್ದೇ ಬೀದಿಯಲ್ಲಿದ್ದ ನಿಮ್ಮ ವಯಸ್ಸಿನವರಿಗಾಗಿ. ಈಗ ಇದನ್ನು ಸರ್ಕಾರವೇ ನಡೆಸುತ್ತಿದೆ. ನಿಮಗೆ ನಂಬಿಕೆ ಇರುವ ಒಬ್ಬ ದೊಡ್ಡವರ ಹತ್ತಿರವೂ ಹೇಳಿಕೊಳ್ಳಿ. ಟೀಚರ್, ಸಿಸ್ಟರ್, ಪಕ್ಕದ ಮನೆಯ ಆಂಟಿ, ಯಾರಾದರೂ ಸರಿ. ಅದು ನಾನೇ ಆಗಬೇಕೆಂದಿಲ್ಲ. ನಿಮಗೆ ನೋವು ಕೊಟ್ಟವರು ಯಾರೇ ಆಗಿರಲಿ, ನನ್ನ ಹಾಗೆ ಈ ಬಟ್ಟೆ ತೊಟ್ಟವರೇ ಆಗಿರಲಿ, ಹೇಳಿಬಿಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಚರ್ಚಿಗೆ ಅದರಿಂದ ವಿನಾಯಿತಿ ಇಲ್ಲ, ಇರಲೂಬಾರದು.

ಇನ್ನು ನಮ್ಮ ಧರ್ಮಕೇಂದ್ರ ಏನು ಮಾಡಬಹುದು? ಮೊದಲು, ಏನು ಮಾಡಬಾರದು ಎಂದು ಹೇಳುತ್ತೇನೆ. ದಾರಿಯಲ್ಲಿ ಒಂಟಿ ಮಗು ಸಿಕ್ಕಿತು, ಪಾಪ ಎನ್ನಿಸಿತು, ಮನೆಗೆ ಕರೆತಂದೆವು, ಮನೆಗೆಲಸಕ್ಕೂ ಆಯಿತು, ಊಟವೂ ಆಯಿತು ಎಂಬ ಲೆಕ್ಕಾಚಾರ ಬೇಡ. ಅಂಥ ಮಗು ಸಿಕ್ಕರೆ 24 ಗಂಟೆಯೊಳಗೆ 1098ಕ್ಕೋ, ಪೊಲೀಸರಿಗೋ, ಮಕ್ಕಳ ಕಲ್ಯಾಣ ಸಮಿತಿಗೋ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಹತ್ತು ಸಾವಿರ ದಂಡ, ಇಲ್ಲವೇ ಎರಡೂ ಆಗಬಹುದು. ಕಾನ್ವೆಂಟಿಗೂ ಇದೇ ನಿಯಮ, ಪಾದ್ರಿಮನೆಗೂ ಇದೇ. ಮಹಾದೇವಾಲಯದ ಬೋಧಕರು ಹುಡುಗನ ಮಾತು ಕೇಳಿದ್ದು ಎಲ್ಲರೂ ಓಡಾಡುವ ಜಾಗದಲ್ಲಿ, ಹೆತ್ತವರು ಬಂದು ಕಾಣಬಹುದಾದಲ್ಲಿ. ಮಗುವನ್ನು ಬಚ್ಚಿಟ್ಟುಕೊಳ್ಳುವ ಪ್ರೀತಿಯಿಂದ ಅದಕ್ಕೆ ರಕ್ಷಣೆ ಸಿಗುವುದಿಲ್ಲ.

ಮಾಡಬೇಕಾದದ್ದು ಬಹಳವಿದೆ. ಬಡತನದಿಂದ ಒಡೆಯುತ್ತಿರುವ ಮನೆಗಳು ನಮ್ಮ ವಾರ್ಡುಗಳಲ್ಲೇ ಇವೆ. ಗಂಡ ತೀರಿಕೊಂಡ ತಾಯಿ ಮಗನನ್ನು ಶಾಲೆ ಬಿಡಿಸಿ ಗ್ಯಾರೇಜಿಗೆ ಕಳಿಸುವ ಯೋಚನೆಯಲ್ಲಿದ್ದರೆ, ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಅರ್ಜಿ ಬರೆಯಲು ಬಾರದ ತಾಯಿಯ ಜೊತೆ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಬಂದರೆ ಅಕ್ಕಿ ಚೀಲ ಕೊಟ್ಟಿದ್ದಕ್ಕಿಂತ ದೊಡ್ಡ ಸೇವೆ ಆದೀತು.

ಹದಿನೆಂಟು ತುಂಬಿದವರ ವಿಷಯವನ್ನೂ ಮರೆಯಬಾರದು. ಬಾಲಮಂದಿರದಲ್ಲಿ ಬೆಳೆದ ಹುಡುಗ ಹದಿನೆಂಟಾದಾಗ ಹೊರಗೆ ಬರಬೇಕು. ಕಾನೂನಿನಲ್ಲಿ ಅವನಿಗೆ ಇಪ್ಪತ್ತೊಂದರವರೆಗೆ ಅನುಪಾಲನೆಯ ನೆರವು ಇದೆ. ಆದರೆ ಬಾಡಿಗೆ ಕೋಣೆ ಕೇಳಲು ಹೋದರೆ "ಅಪ್ಪ ಅಮ್ಮನ್ನ ಕರ್ಕೊಂಡು ಬಾ" ಎನ್ನುತ್ತಾರೆ. ಕೆಲಸಕ್ಕೆ ಸೇರಲು ಗುರುತಿನವರ ಹೆಸರು ಕೇಳುತ್ತಾರೆ. ಜ್ವರ ಬಂದು ಮಲಗಿದರೆ ಗಂಜಿ ಕೊಡುವವರಿಲ್ಲ. ಹಣಕ್ಕಿಂತ ಹೆಚ್ಚಾಗಿ ಅವನಿಗೆ ಬೇಕಿರುವುದು ಪರವಾಗಿ ನಿಲ್ಲುವ ಒಬ್ಬ ಹಿರಿಯ. ನಮ್ಮಲ್ಲಿ ಮನೆ ಬಾಡಿಗೆಗೆ ಕೊಡುವವರಿದ್ದೀರಿ, ಬಡಗಿ ಕೆಲಸದ ಮೇಸ್ತ್ರಿಗಳಿದ್ದೀರಿ, ಎಲೆಕ್ಟ್ರಿಕ್ ಕಂತ್ರಾಟುದಾರರಿದ್ದೀರಿ. ಡಾನ್ ಬೋಸ್ಕೋ 1852ರಲ್ಲಿ ಒಬ್ಬ ಹುಡುಗನನ್ನು ಬಡಗಿಯ ಬಳಿ ಕೆಲಸ ಕಲಿಯಲು ಬಿಡುವಾಗ ಕರಾರುಪತ್ರ ಬರೆಸಿದರು: ತಿದ್ದಬೇಕಾದರೆ ಮಾತಿನಿಂದ ತಿದ್ದಬೇಕು, ಹೊಡೆಯಬಾರದು, ಭಾನುವಾರ ಬಿಡುವು ಕೊಡಬೇಕು. ನೂರೆಪ್ಪತ್ತು ವರ್ಷದ ಹಿಂದಿನ ಆ ಕರಾರಿಗೆ ಸಹಿ ಹಾಕಲು ಇವತ್ತು ನಮ್ಮಲ್ಲಿ ಎಷ್ಟು ಮೇಸ್ತ್ರಿಗಳು ಸಿದ್ಧರಿದ್ದೀರಿ? ಸಿದ್ಧರಿರುವವರು ಪೂಜೆಯ ನಂತರ ಕಚೇರಿಗೆ ಬಂದು ಹೆಸರು ಕೊಡಿ. ಅಂಥ ಯುವಕರನ್ನು ಬೆಳೆಸಿ ಕಳಿಸುವ ಸಂಸ್ಥೆಗಳಿಗೆ ಆ ಹೆಸರುಗಳನ್ನು ಮುಟ್ಟಿಸುವ ಜವಾಬ್ದಾರಿ ನನ್ನದು. 1098ರ ಫಲಕವನ್ನು ಚರ್ಚಿನ ಗೇಟಿಗೂ ಧರ್ಮೋಪದೇಶ ತರಗತಿಗಳ ಬಾಗಿಲಿಗೂ ಈ ವಾರವೇ ಹಾಕಿಸೋಣ.

ಕೊನೆಯದಾಗಿ, ಮಗ ಸಿಕ್ಕ ಮೇಲೆ ಲೂಕ ಕತೆಯನ್ನು ಅಲ್ಲಿಗೇ ನಿಲ್ಲಿಸುವುದಿಲ್ಲ. ಬಾಲಯೇಸು ನಜರೇತಿಗೆ ಹೋದರು, ಹೆತ್ತವರ ಮಾತಿನಂತೆ ನಡೆದರು, ಪ್ರಾಯದಲ್ಲೂ ಜ್ಞಾನದಲ್ಲೂ ಬೆಳೆದರು ಎಂದು ಬರೆಯುತ್ತಾನೆ. ಸಿಕ್ಕ ಮಗು ಬೆಳೆಯಬೇಕು. ರಕ್ಷಿಸಿದ ದಿನ ಫೋಟೋ ತೆಗೆದುಕೊಂಡವರು ಆ ಬೆಳವಣಿಗೆಯ ವರ್ಷಗಳಲ್ಲಿ ಎಲ್ಲಿದ್ದಾರೆ ಎಂದು ದೇವರು ಕೇಳುತ್ತಾರೆ. ನಮ್ಮ ಉತ್ತರ ಸಿದ್ಧವಿರಲಿ.

ಪ್ರಾರ್ಥಿಸೋಣ. ಕರುಣಾಮಯ ತಂದೆಯೇ, ಈ ರಾತ್ರಿ ನಿಲ್ದಾಣಗಳಲ್ಲಿ, ಸೇತುವೆಗಳ ಕೆಳಗೆ, ಪರರ ಅಡುಗೆಮನೆಗಳಲ್ಲಿ ಇರುವ ಮಕ್ಕಳನ್ನು ಕಾಪಾಡಿರಿ. ಅವರ ಬಳಿ ಹೋಗುವ ಕಾರ್ಯಕರ್ತರಿಗೆ ತಾಳ್ಮೆ ಕೊಡಿರಿ, ಹುಡುಕುತ್ತಿರುವ ಹೆತ್ತವರಿಗೆ ಧೈರ್ಯ ಕೊಡಿರಿ. ಮಕ್ಕಳನ್ನು ಓಡಿಸಿದ ಮನೆಗಳಿಗೆ ಪಶ್ಚಾತ್ತಾಪ ಕೊಡಿರಿ. ನಮಗೆ ಕೇಳುವ ಕಿವಿಯನ್ನೂ, ಕೇಳಿದ ಮೇಲೆ ಎದ್ದು ಹೋಗುವ ಕಾಲನ್ನೂ ಕೊಡಿರಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.